ಜಪಾನಿ ಕತ್ತಿಯ ಹುಚ್ಚು ಹಿಡಿದವರಿಗೆ: ನೋಡುವುದರಿಂದ ಕೊಳ್ಳುವವರೆಗೆ

"ಕಟಾನಾ ಎಲ್ಲಿ ಸಿಗುತ್ತೆ? ಎಷ್ಟಾಗುತ್ತೆ?" ನನಗೆ ಜಪಾನಿ ಕತ್ತಿಗಳ ಹುಚ್ಚಿದೆ ಎಂದು ಗೊತ್ತಾದವರೆಲ್ಲ ಮೊದಲು ಕೇಳುವುದು ಇವೆರಡನ್ನೇ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದವರಿದ್ದಾರೆ. ಮೆಸೇಜ್ ಕಳಿಸಿ ಕೇಳುವವರಂತೂ ಲೆಕ್ಕವಿಲ್ಲ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆದು ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ನನ್ನ ಬಳಿ ಒಂದೂ ಉದ್ದ ಕತ್ತಿ ಇಲ್ಲ. ಆರು ತ್ಸುಬಾ ಇವೆ, ಒಂದು ಕಪಾಟು ಪುಸ್ತಕ ಇದೆ, ತುಂಬಿ ಹೋದ ನಾಲ್ಕು ನೋಟ್‌ಬುಕ್ ಇವೆ. ತ್ಸುಬಾ ಅಂದರೆ ಹಿಡಿಗೂ ಅಲಗಿಗೂ ನಡುವೆ ಕೂರುವ ಬಿಲ್ಲೆ. ಅದರ ಬಗ್ಗೆ ಮುಂದೆ ಬರೆದಿದ್ದೇನೆ. ಕತ್ತಿ ಇಲ್ಲದವನ ಮಾತು ಯಾಕೆ ಕೇಳಬೇಕು ಅನ್ನಿಸಿದರೆ ಇಲ್ಲೇ ನಿಲ್ಲಿಸಬಹುದು. ಆದರೆ ಅವಸರದಲ್ಲಿ ಕೊಂಡು ಕೈ ಸುಟ್ಟುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಶುರು ಮಾಡಲು ಬೇಕಾಗುವುದು ಜಾಸ್ತಿ ಏನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ, ನೋಟ್‌ಬುಕ್, ಮೆದು ಪೆನ್ಸಿಲ್, ಕನಿಷ್ಠ ಒಂದು ವರ್ಷದ ತಾಳ್ಮೆ. ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ.

1. ಯಾವುದು ಕತ್ತಿ, ಯಾವುದು ಕತ್ತಿಯಂಥದ್ದು

ಸಾಂಪ್ರದಾಯಿಕವಾಗಿ ಜಪಾನಿನಲ್ಲಿ ಮಾಡಿದ ಕತ್ತಿಗೆ "ನಿಹೊಂತೊ" ಎನ್ನುತ್ತಾರೆ. ಇದರ ಉಕ್ಕು "ತಮಾಹಗಾನೆ". ಕಬ್ಬಿಣದ ಅಂಶವಿರುವ ಕರಿ ಮರಳನ್ನು ಇದ್ದಿಲಿನ ಜೊತೆ "ತತಾರಾ" ಎಂಬ ಮಣ್ಣಿನ ಕುಲುಮೆಯಲ್ಲಿ ಮೂರು ಹಗಲು ಮೂರು ರಾತ್ರಿ ಕಾಯಿಸಿ ತೆಗೆಯುವ ಉಕ್ಕು ಇದು. ಎರಡನೇ ಮಹಾಯುದ್ಧದ ನಂತರ ನಿಂತೇ ಹೋಗಿದ್ದ ಈ ಕೆಲಸವನ್ನು 1977ರಲ್ಲಿ ಶಿಮಾನೆ ಪ್ರಾಂತ್ಯದಲ್ಲಿ ಮತ್ತೆ ಶುರು ಮಾಡಿದರು. ಈಗಲೂ ಚಳಿಗಾಲದಲ್ಲಿ ಮಾತ್ರ ಕುಲುಮೆ ಹೊತ್ತಿಸುತ್ತಾರೆ. ಜಪಾನಿನಲ್ಲಿ ಕತ್ತಿ ಮಾಡಲು ಕಮ್ಮಾರನಿಗೆ ಲೈಸೆನ್ಸ್ ಬೇಕು. ಅದಕ್ಕೆ ಮೊದಲು ಗುರುವಿನ ಬಳಿ ಕನಿಷ್ಠ 5 ವರ್ಷ ಕೆಲಸ ಕಲಿತಿರಬೇಕು. ಲೈಸೆನ್ಸ್ ಸಿಕ್ಕ ಮೇಲೂ ತಿಂಗಳಿಗೆ 2 ಉದ್ದ ಕತ್ತಿ ಅಥವಾ 3 ಗಿಡ್ಡ ಕತ್ತಿಗಿಂತ ಹೆಚ್ಚು ಮಾಡುವಂತಿಲ್ಲ. ಇಷ್ಟು ಗೊತ್ತಿದ್ದರೆ ಹತ್ತು ಸಾವಿರಕ್ಕೆ "ಅಸಲಿ ಸಮುರಾಯ್ ಕತ್ತಿ" ಮಾರುವವನ ಮಾತಿಗೆ ನೀವೇ ನಗುತ್ತೀರಿ.

ಇನ್ನೊಂದು "ಇಯಾಯ್ತೊ". ಸಮರಕಲೆ ಅಭ್ಯಾಸ ಮಾಡುವವರು ಬಳಸುವ ಕತ್ತಿ ಇದು. ಇದನ್ನು ಸಾಮಾನ್ಯವಾಗಿ ಸತು ಮತ್ತು ಅಲ್ಯುಮಿನಿಯಂ ಮಿಶ್ರಲೋಹದಲ್ಲಿ ಮಾಡುತ್ತಾರೆ. ಹರಿತ ಇರುವುದಿಲ್ಲ. ಮೂರನೆಯದು ಬೇರೆ ದೇಶಗಳ ಕಾರ್ಖಾನೆಯಲ್ಲಿ ಮಾಡಿದ ನಕಲು. ನೇತುಹಾಕಲು ಚೆನ್ನಾಗಿರುತ್ತದೆ, ಅಧ್ಯಯನಕ್ಕೆ ಏನೂ ಇಲ್ಲ.

2. ಆಕಾರ ನೋಡಿ ಕಾಲ ಹೇಳುವುದು

ಉದ್ದದ ಲೆಕ್ಕ "ಶಾಕು"ವಿನಲ್ಲಿ. ಒಂದು ಶಾಕು 30.3 ಸೆಂ.ಮೀ. ಅದರ ಹತ್ತನೇ ಒಂದು ಪಾಲು "ಸುನ್". 1 ಶಾಕುವಿನ ಒಳಗಿದ್ದರೆ ತಾಂತೊ (ಚೂರಿ), 1ರಿಂದ 2 ಶಾಕು ಇದ್ದರೆ ವಾಕಿಜಾಶಿ, 2 ದಾಟಿದರೆ ಕಟಾನಾ ಅಥವಾ ತಾಚಿ. ತಾಚಿಯನ್ನು ಬಾಯಿ (ಹರಿತದ ಅಂಚು) ಕೆಳಗೆ ಮಾಡಿ ಸೊಂಟಕ್ಕೆ ನೇತುಹಾಕುತ್ತಿದ್ದರು. ಕಟಾನಾವನ್ನು ಬಾಯಿ ಮೇಲೆ ಮಾಡಿ ಸೊಂಟಪಟ್ಟಿಗೆ ಸಿಕ್ಕಿಸುತ್ತಿದ್ದರು.

ಅಳೆಯುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಟೇಪನ್ನು ಅಲಗಿನ ಬಾಗಿಗೆ ಅಂಟಿಸಿ ಅಳೆಯಬೇಡಿ. ಬುಡದಲ್ಲಿ ಬೆನ್ನಿನ ಕಡೆ ಒಂದು ಸಣ್ಣ ಮೆಟ್ಟಿಲು ಇರುತ್ತದೆ. ಅಲ್ಲಿಂದ ಮೊನೆಗೆ ನೇರ ಗೆರೆ ಎಳೆದಂತೆ ಅಳೆಯಬೇಕು. 2 ಶಾಕು 3 ಸುನ್ ಅಂದರೆ ಸುಮಾರು 69.7 ಸೆಂ.ಮೀ. ಆ ನೇರ ಗೆರೆಗೂ ಬೆನ್ನಿಗೂ ನಡುವೆ ಅತಿ ಹೆಚ್ಚು ಅಂತರ ಎಷ್ಟಿದೆಯೋ ಅದು "ಸೊರಿ", ಅಂದರೆ ಬಾಗು.

ಆ ಬಾಗು ಎಲ್ಲಿ ಕೂತಿದೆ ಎನ್ನುವುದೇ ಕಾಲದ ಗುರುತು. ಹೇಯಾನ್ ಕಾಲದ ಕೊನೆ ಮತ್ತು ಕಾಮಾಕುರಾ ಕಾಲದ ಮೊದಲಿನ (ಸುಮಾರು 12, 13ನೇ ಶತಮಾನದ) ತಾಚಿಗಳು ಬುಡದ ಹತ್ತಿರವೇ ಬಾಗುತ್ತವೆ, ಮೊನೆ ಚಿಕ್ಕದು. 1336ರಿಂದ 1392ರವರೆಗಿನ ನಂಬೊಕುಚೊ ಕಾಲದಲ್ಲಿ ಭಾರೀ ಉದ್ದದ, ಅಗಲದ, ದೊಡ್ಡ ಮೊನೆಯ ಕತ್ತಿಗಳು ಬಂದವು. ಇವುಗಳಲ್ಲಿ ಬಹಳಷ್ಟನ್ನು ಮುಂದಿನವರು ಬುಡದಿಂದ ಕತ್ತರಿಸಿ ಗಿಡ್ಡ ಮಾಡಿಕೊಂಡರು. 1660ರ ದಶಕದ ಕನ್‌ಬುನ್ ಕಾಲದ ಕತ್ತಿಗಳಲ್ಲಿ ಬಾಗೇ ಕಡಿಮೆ. ಸ್ಥೂಲವಾಗಿ 1596ರವರೆಗಿನದು ಕೊತೊ (ಹಳೆಯದು), ಆಮೇಲಿನದು ಶಿಂತೊ (ಹೊಸದು), 18ನೇ ಶತಮಾನದ ಕೊನೆಯಿಂದ ಶಿನ್‌ಶಿಂತೊ (ಹೊಸದರಲ್ಲೂ ಹೊಸದು). 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ಸರ್ಕಾರ ನಿಷೇಧಿಸಿತು. ಆಮೇಲೆ ಮಾಡಿದ್ದು ಗೆಂದಾಯ್ತೊ. ಸುಮಾರು 1600ರ ಕತ್ತಿಯನ್ನು "ಹೊಸದು" ಎನ್ನುವವರ ಲೋಕ ಇದು, ಒಗ್ಗಿಕೊಳ್ಳಿ.

3. ಉಕ್ಕಿನ ಮೈ ನೋಡುವುದು

ನನಗೆ ಹುಚ್ಚು ಹಿಡಿಸಿದ ಭಾಗ ಇದೇ. ಇಲ್ಲಿ ನಿಧಾನ ಮಾಡಿ.

ಕಮ್ಮಾರ ಉಕ್ಕನ್ನು ಕಾಯಿಸಿ, ಬಡಿದು, ಮಡಚಿ, ಮತ್ತೆ ಬಡಿಯುತ್ತಾನೆ. ಹೀಗೆ ಹತ್ತಾರು ಸಲ. ಆ ಮಡಿಕೆಗಳು ಮೈಮೇಲೆ ಮರದ ಎಳೆಗಳಂತೆ ಕಾಣುತ್ತವೆ. ಅದು "ಹಾದಾ". ಇತಾಮೆ ಎಂದರೆ ಹಲಗೆಯ ಎಳೆ. ಹಲಸಿನ ಮರದ ಹಲಗೆ ಸೀಳಿದಾಗ ಅಲೆ ಅಲೆಯಾಗಿ ಕಾಣುತ್ತದಲ್ಲ, ಹಾಗೆ. ಮೊಕುಮೆ ಎಂದರೆ ಮರದ ಗಂಟಿನ ಸುತ್ತ ಇರುವಂಥ ಬಳೆಗಳು. ಮಾಸಾಮೆ ನೇರ ಎಳೆ. ಹಳೆಯ ಐದು ಪರಂಪರೆಗಳಿವೆ: ಯಾಮಾತೊ (ಈಗಿನ ನಾರಾ), ಯಾಮಾಶಿರೊ (ಕ್ಯೋಟೊ), ಬಿಜೆನ್ (ಒಕಾಯಾಮಾ), ಸೋಷು (ಕಾಮಾಕುರಾ ಸುತ್ತಮುತ್ತ), ಮಿನೊ (ಗಿಫು). ಯಾಮಾತೊದಲ್ಲಿ ಮಾಸಾಮೆ ಎದ್ದು ಕಾಣುತ್ತದೆ. ಹೀಗೆ ಹಾದಾ ಊರನ್ನು ಹೇಳುತ್ತದೆ.

ನಮ್ಮವರು ಇಲ್ಲೊಂದು ಗೊಂದಲ ಮಾಡಿಕೊಳ್ಳುತ್ತಾರೆ. ದಕ್ಷಿಣ ಭಾರತದ ಮೂಸೆ ಉಕ್ಕನ್ನು ಇಂಗ್ಲಿಷರು "ವೂಟ್ಸ್" ಎಂದರು. ಆ ಹೆಸರು ನಮ್ಮ "ಉಕ್ಕು" ಪದದಿಂದಲೇ ಬಂದಿರಬೇಕು ಎಂದು ಹೇಳುತ್ತಾರೆ. ಅದರಲ್ಲೂ ಮೈಮೇಲೆ ನೀರಿನಂಥ ಚಿತ್ತಾರ ಬರುತ್ತದೆ. ಆದರೆ ಆ ಚಿತ್ತಾರ ಮೂಸೆಯಲ್ಲಿ ಕರಗಿದ ಉಕ್ಕಿನೊಳಗೇ ಹುಟ್ಟುವುದು, ಮಡಚಿ ಬಂದದ್ದಲ್ಲ. ಎರಡೂ ಬೇರೆ ಬೇರೆ ವಿದ್ಯೆ. ಇವೆರಡನ್ನೂ ಬಿಟ್ಟು, ಆಸಿಡ್ ಹಾಕಿ ಕಪ್ಪು ಬಿಳುಪು ಪಟ್ಟೆ ಎಬ್ಬಿಸಿದ್ದನ್ನು "ಮಡಚಿದ ಉಕ್ಕು" ಎಂದು ಮಾರುವುದು ಮಾಮೂಲಿ. ನಿಜವಾದ ಹಾದಾ ಅಷ್ಟು ಕೂಗುವುದಿಲ್ಲ. ಹುಡುಕಿದರೆ ಮಾತ್ರ ಕಾಣುತ್ತದೆ.

ಇನ್ನು "ಹಾಮೊನ್". ಹದ ಹಾಕುವ ಮೊದಲು ಅಲಗಿಗೆ ಜೇಡಿಮಣ್ಣು ಬಳಿಯುತ್ತಾರೆ, ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ಥಟ್ಟನೆ ತಣ್ಣಗಾಗಿ ಗಡಸಾಗುತ್ತದೆ. ಬೆನ್ನು ನಿಧಾನವಾಗಿ ತಣಿದು ಮೆತ್ತಗೆ ಉಳಿಯುತ್ತದೆ. ಗಡಸಾದ ಬಾಯಿ ಸ್ವಲ್ಪ ಹಿಗ್ಗುವುದರಿಂದ ಅಲಗು ಬೆನ್ನಿನ ಕಡೆ ಬಾಗುತ್ತದೆ. ಬಾಗಿನ ಒಂದು ಪಾಲು ಬರುವುದು ಈ ನೀರಿನೊಳಗೇ. ಗಡಸು ಮತ್ತು ಮೆದು ಸೇರುವ ಗಡಿಯೇ ಹಾಮೊನ್.

ಈಗ ನೋಡುವ ಕ್ರಮ. ಟ್ಯೂಬ್‌ಲೈಟ್ ಆರಿಸಿ. ಒಂದೇ ಒಂದು ಸಾದಾ ಬಲ್ಬು ಎದುರಿಗೆ, ಕಣ್ಣಿಗಿಂತ ಸ್ವಲ್ಪ ಮೇಲಿರಲಿ. ಅಲಗಿನ ಮೊನೆಯನ್ನು ಬಲ್ಬಿನ ಕಡೆಗೆ ಚಾಚಿ, ಬೆಳಕಿನ ಚುಕ್ಕೆ ಅಲಗಿನ ಮೇಲೆ ಬೀಳುವಂತೆ ನಿಧಾನವಾಗಿ ಓರೆ ಮಾಡಿ. ನೋಡಬೇಕಾದದ್ದು ಆ ಚುಕ್ಕೆಯ ಅಂಚನ್ನು, ಚುಕ್ಕೆಯನ್ನಲ್ಲ. ಅಲ್ಲಿ ಇದ್ದಕ್ಕಿದ್ದಂತೆ ಹಾಮೊನ್ ಬೆಳಗುತ್ತದೆ. ಗಡಿಯಲ್ಲಿ ಚಿರೋಟಿ ರವೆಯಂತೆ ಬಿಡಿಬಿಡಿ ಹೊಳೆಯುವ ಕಣ ಕಂಡರೆ ಅದು "ನಿಎ". ಕಣ ಬಿಡಿಯಾಗಿ ಕಾಣದೆ ಮಡಿಕೇರಿಯ ಬೆಳಗಿನ ಮಂಜಿನಂತೆ ಮಸುಕಾದ ಬಿಳಿ ಇದ್ದರೆ "ನಿಓಯಿ". ಸೋಷು ಕತ್ತಿಗಳಲ್ಲಿ ನಿಎ ಜಾಸ್ತಿ, ಬಿಜೆನ್‌ನಲ್ಲಿ ಸಾಮಾನ್ಯವಾಗಿ ನಿಓಯಿ. ಬಿಜೆನ್‌ನ ಹೆಸರಾಂತ ಹಾಮೊನ್ "ಚೋಜಿ". ಚೋಜಿ ಅಂದರೆ ಲವಂಗ. ಲವಂಗದ ಮೊಗ್ಗುಗಳನ್ನು ಸಾಲಾಗಿ ಜೋಡಿಸಿದಂತೆ ಅಂಚು ಏರಿಳಿಯುತ್ತದೆ. ಒಂದು ಲವಂಗ ತೆಗೆದುಕೊಂಡು ಅದರ ತಲೆ ನೋಡಿ, ಆಮೇಲೆ ಚಿತ್ರ ನೋಡಿ. ಯಾರೂ ವಿವರಿಸಬೇಕಿಲ್ಲ.

ಎಚ್ಚರಿಕೆ ಎರಡು. ಒಂದು, ಅಲಗಿನ ಮೇಲೆ ದೂರದಿಂದಲೇ ಕಾಣುವ ಬಿಳಿ ಪಟ್ಟೆ ಹಾಮೊನ್ ಅಲ್ಲ. ಅದು "ಹಾದೊರಿ", ಸಾಣೆಗಾರ ಕಲ್ಲಿನಿಂದ ಉಜ್ಜಿ ಬಿಳಿ ಮಾಡಿದ್ದು. ನಿಜವಾದ ಗಡಿ ಅದರೊಳಗೆ ಅಡಗಿರುತ್ತದೆ. ಫೋಟೋದಲ್ಲಿ ಹಾದೊರಿ ಮಾತ್ರ ಚೆನ್ನಾಗಿ ಬರುತ್ತದೆ. ಹಾಗಾಗಿಯೇ ಫೋಟೋ ನೋಡಿ ಕಮ್ಮಾರನ ಹೆಸರು ಹೇಳುವವರನ್ನು ನಾನು ನಂಬುವುದಿಲ್ಲ. ಎರಡು, ನಕಲಿ ಕತ್ತಿಯಲ್ಲಿ ಹಾಮೊನ್ ಆಸಿಡ್ಡಿನಿಂದ ಬರೆದದ್ದು. ಹೇಗೆ ಓರೆ ಮಾಡಿದರೂ ಒಂದೇ ಥರ ಕಾಣುತ್ತದೆ, ಮಸೂರದಲ್ಲಿ ಕಣ ಇರುವುದಿಲ್ಲ.

ಅಭ್ಯಾಸಕ್ಕೆ ಜಾಗ ಎಲ್ಲಿ? ಟೋಕಿಯೋದ ರ‍್ಯೋಗೊಕುವಿನಲ್ಲಿ ಕತ್ತಿಗಳದೇ ಮ್ಯೂಸಿಯಂ ಇದೆ, 2018ರಿಂದ ಅಲ್ಲಿದೆ. ಉಎನೊದ ಟೋಕಿಯೋ ರಾಷ್ಟ್ರೀಯ ಮ್ಯೂಸಿಯಂನಲ್ಲಿ "ಜಗತ್ತಿನ ಐದು ಕತ್ತಿಗಳು" ಎಂದು ಹೆಸರಾದವುಗಳಲ್ಲಿ ಎರಡು ಇವೆ: ಯಾಸುತ್ಸುನಾ ಮಾಡಿದ ದೋಜಿಗಿರಿ, ಮುನೆಚಿಕಾ ಮಾಡಿದ ಮಿಕಾಜುಕಿ. ಸದಾ ಪ್ರದರ್ಶನದಲ್ಲಿ ಇರುವುದಿಲ್ಲ, ಹೋಗುವ ಮೊದಲು ವಿಚಾರಿಸಿ. ಒಕಾಯಾಮಾದ ಒಸಾಫುನೆಯಲ್ಲಿ ಕತ್ತಿ ಮ್ಯೂಸಿಯಂ ಇದೆ. ಆ ಊರು ಸೇರಿರುವ ಸೆತೊಉಚಿ ನಗರಸಭೆ 2020ರಲ್ಲಿ ಜನರಿಂದ ದೇಣಿಗೆ ಎತ್ತಿ, "ಯಾಮಾತೊರಿಗೆ" ಎಂಬ ರಾಷ್ಟ್ರೀಯ ನಿಧಿಯ ಕತ್ತಿಯನ್ನು 50 ಕೋಟಿ ಯೆನ್ ಕೊಟ್ಟು ಊರಿಗೆ ವಾಪಸ್ ತಂದಿತು. ಜಪಾನಿಗೆ ಹೋಗಲಾಗದವರು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನ ಜಪಾನಿ ವಿಭಾಗ ನೋಡಬಹುದು. ಮೈತುಂಬ ದಂತದ ಕೆತ್ತನೆಯ ಹಿಡಿ, ಒರೆ ಎಲ್ಲಿ ಕಂಡರೂ ಒಂದು ತಿಳಿದಿರಲಿ. ಅಂಥವನ್ನು ಹೆಚ್ಚಾಗಿ ಮೈಜಿ ಕಾಲದಲ್ಲಿ (1868–1912) ಹೊರದೇಶದವರಿಗೆ ಮಾರಲೆಂದು ಮಾಡುತ್ತಿದ್ದರು, ಸಮುರಾಯ್ ಸೊಂಟಕ್ಕೆ ಕಟ್ಟಿದ್ದಲ್ಲ. ಮನೆಯಲ್ಲೇ ಕೂತು ನೋಡಲು ಜಪಾನಿನ ರಾಷ್ಟ್ರೀಯ ಮ್ಯೂಸಿಯಂಗಳ "ಕೋಲ್‌ಬೇಸ್" ತಾಣದಲ್ಲಿ ದೊಡ್ಡ ಫೋಟೋಗಳು ಪುಕ್ಕಟೆ ಸಿಗುತ್ತವೆ. ಆಕಾರ ಕಲಿಯಲು ಅವು ಸಾಕು.

ಜಪಾನಿನಲ್ಲಿ ಅಧ್ಯಯನ ಕೂಟಗಳಲ್ಲಿ "ಕಾಂತೆಯ್" ಎಂಬ ಪರೀಕ್ಷೆ ನಡೆಯುತ್ತದೆ. ಸಹಿ ಕಾಣದಂತೆ ಬುಡ ಮುಚ್ಚಿ ಕೆಲವು ಕತ್ತಿ ಇಡುತ್ತಾರೆ, ನೀವು ಚೀಟಿಯಲ್ಲಿ ಕಮ್ಮಾರನ ಹೆಸರು ಬರೆದು ಕೊಡಬೇಕು. ಸರಿಯಿದ್ದರೆ "ಅತಾರಿ", ಅದೇ ಬಳಗದ ಹತ್ತಿರದವನಾಗಿದ್ದರೆ "ದೋಜೆನ್", ಪೂರ್ತಿ ತಪ್ಪಿದ್ದರೆ "ಇಯಾ", ಅಂದರೆ ಊಹೂಂ. ಹೊಸಬರಿಗೆ ಸಿಗುವುದು ಬರೀ ಊಹೂಂ.

ಕೈಗೆ ಕತ್ತಿ ಕೊಟ್ಟರೆ ಉಂಗುರ, ಗಡಿಯಾರ ತೆಗೆದಿಡಿ. ಕತ್ತಿಗೆ ತಲೆಬಾಗಿ. ಬಾಯಿ ಮೇಲೆ ಮಾಡಿ, ಬೆನ್ನು ಒರೆಯ ಮೇಲೆ ಜಾರುವಂತೆ ಎಳೆಯಿರಿ. ಅಲಗಿನ ಮೇಲೆ ಬಾಗಿ ಮಾತಾಡಬೇಡಿ, ಉಗುಳಿನ ಒಂದು ಹನಿ ಸಾಕು ತುಕ್ಕಿಗೆ. ಬೆರಳು ತಾಗಿಸಲೇಬೇಡಿ.

4. ಬುಡ ಮತ್ತು ಸಹಿ

ಹಿಡಿಯೊಳಗೆ ಸೇರಿಕೊಳ್ಳುವ ಭಾಗ "ನಕಾಗೊ". ಇದರ ತುಕ್ಕೇ ಕತ್ತಿಯ ವಯಸ್ಸಿನ ಸಾಕ್ಷಿ. ಹಳೆಯದು ಒಣ ಹುಣಸೆಹಣ್ಣಿನಂತೆ ಕಡು ಕಂದು ಅಥವಾ ಕಪ್ಪು, ಮುಟ್ಟಿದರೆ ನುಣುಪು. ಕೆಂಪು ಕೆಂಪಾಗಿ ಪುಡಿ ಉದುರಿದರೆ ಹೊಸ ತುಕ್ಕು, ಅಥವಾ ಯಾರೋ ಬೇಕೆಂದೇ ಬರಿಸಿದ್ದು. ಬುಡವನ್ನು ಎಂದೂ ಉಜ್ಜಬೇಡಿ. ಉಪ್ಪುಕಾಗದ, ನಿಂಬೆಹಣ್ಣು, ತಾಮ್ರದ ಪಾತ್ರೆಗೆ ಹಾಕುವ ಪುಡಿ, ಯಾವುದೂ ಬೇಡ. ಉಜ್ಜಿದ ದಿನವೇ ಕತ್ತಿಯ ಬೆಲೆ, ಚರಿತ್ರೆ ಎರಡೂ ಹೋದವು.

ಸಹಿಗೆ "ಮೆಯ್" ಎನ್ನುತ್ತಾರೆ. ಉಳಿಯಲ್ಲಿ ಕೊರೆದಿರುತ್ತದೆ. ಎಲ್ಲ ಕತ್ತಿಗೂ ಇರುವುದಿಲ್ಲ. ಗಿಡ್ಡ ಮಾಡಿದ ಕತ್ತಿಯಲ್ಲಿ ಸಹಿ ಕತ್ತರಿಸಿ ಹೋಗಿರಬಹುದು. ನಕಲಿ ಸಹಿ "ಗಿಮೆಯ್". ಹೆಸರು ದೊಡ್ಡದಾದಷ್ಟೂ ಗಿಮೆಯ್ ಜಾಸ್ತಿ. ಎಲ್ಲರಿಗಿಂತ ಹೆಸರಾದ ಕಮ್ಮಾರ ಮಾಸಾಮುನೆಯ ಸಹಿ ಇರುವ ಅಸಲಿ ಕತ್ತಿಗಳು ತೀರಾ ವಿರಳ. ಆದರೂ ಮಾರುಕಟ್ಟೆಯಲ್ಲಿ "ಮಾಸಾಮುನೆ" ಎಂದು ಕೊರೆದ ಕತ್ತಿಗೆ ಬರವಿಲ್ಲ. ಒಳ್ಳೇ ಕತ್ತಿಗೂ ಸುಳ್ಳು ಸಹಿ ಇರಬಹುದು ಎನ್ನುವುದನ್ನು ಮರೆಯಬೇಡಿ. ಕತ್ತಿ ಮೊದಲು ನೋಡಿ, ಸಹಿ ಕೊನೆಗೆ.

ಜಪಾನಿ ಭಾಷೆ ಪೂರ್ತಿ ಕಲಿಯಬೇಕಿಲ್ಲ. ಅಂಕಿಗಳು, ಪ್ರಾಂತ್ಯಗಳ ಹೆಸರು, "ಮಾಡಿದ", "ವಾಸಿಸುವ", ವರ್ಷ, ತಿಂಗಳು, ಇಷ್ಟಕ್ಕೆ ಸುಮಾರು 60 ಅಕ್ಷರ ಸಾಕು. ಉದಾಹರಣೆಗೆ "ಬಿಷೂ ಒಸಾಫುನೆ ಸುಕೆಸಾದಾ" ಎಂದಿದ್ದರೆ ಬಿಜೆನ್ ಪ್ರಾಂತ್ಯದ ಒಸಾಫುನೆಯ ಸುಕೆಸಾದಾ. ಕುಣಿಯಬೇಡಿ. ಆ ಹೆಸರಿನ ಕಮ್ಮಾರರು ಹತ್ತಾರು ಮಂದಿ. 16ನೇ ಶತಮಾನದ ಯುದ್ಧಕಾಲದಲ್ಲಿ ರಾಶಿ ರಾಶಿ ಮಾಡಿದ ಕತ್ತಿಗಳಲ್ಲೂ ಇದೇ ಸಹಿ. "ಯೊಸೊಜಾಎಮೊನ್" ಎಂಬಂಥ ಸ್ವಂತ ಹೆಸರು ಸೇರಿದ್ದರೆ ಮಾತ್ರ ಯಾರೋ ಹೇಳಿ ಮಾಡಿಸಿದ ಒಳ್ಳೇ ಕೆಲಸ ಇರಬಹುದು. ತಾರೀಖು ಇದ್ದರೆ ಬಹುಪಾಲು ಎರಡನೇ ತಿಂಗಳು ಅಥವಾ ಎಂಟನೇ ತಿಂಗಳು ಎಂದೇ ಇರುತ್ತದೆ. ಅದು ರೂಢಿ, ನಿಜವಾಗಿ ಮಾಡಿದ ತಿಂಗಳೇ ಆಗಬೇಕಿಲ್ಲ.

5. ಕಾಗದಪತ್ರ

ಎರಡು ಬೇರೆ ಬೇರೆ ಕಾಗದ ಇವೆ. ಜನ ಇವನ್ನು ಒಂದೇ ಎಂದುಕೊಂಡು ಮೋಸ ಹೋಗುತ್ತಾರೆ.

ಒಂದು "ತೊರೊಕುಶೊ", ನೋಂದಣಿ ಚೀಟಿ. ಜಪಾನಿನಲ್ಲಿ ಕತ್ತಿ ಇಟ್ಟುಕೊಳ್ಳಲು ಇದು ಕಡ್ಡಾಯ. ಪ್ರಾಂತ್ಯದ ಶಿಕ್ಷಣ ಮಂಡಳಿ ಕೊಡುತ್ತದೆ. ಇದರಲ್ಲಿ ಉದ್ದ, ಬಾಗು, ಬುಡದ ತೂತು ಎಷ್ಟು, ಸಹಿ ಏನು ಎಂದು ಬರೆದಿರುತ್ತದೆ. ಸಹಿ ಅಸಲಿಯೋ ನಕಲಿಯೋ ಎಂದು ಇದು ಹೇಳುವುದೇ ಇಲ್ಲ. ನಮ್ಮ ಆರ್‌ಸಿ ಪುಸ್ತಕ ಇದ್ದ ಹಾಗೆ. ಗಾಡಿ ಚೆನ್ನಾಗಿದೆ ಎಂದು ಆರ್‌ಸಿ ಹೇಳುತ್ತದೆಯೇ?

ಇನ್ನೊಂದು ಪರಿಣತರ ಪ್ರಮಾಣಪತ್ರ. ಇದರಲ್ಲಿ ಹೆಚ್ಚು ನಡೆಯುವುದು 1948ರಲ್ಲಿ ಶುರುವಾದ ಎನ್‌ಬಿಟಿಎಚ್‌ಕೆ (ಜಪಾನಿ ಕಲಾಕತ್ತಿಗಳ ಸಂರಕ್ಷಣಾ ಸಂಘ) ಎಂಬ ಸಂಸ್ಥೆಯದು. ಕೆಳಗಿನಿಂದ ಮೇಲಕ್ಕೆ ನಾಲ್ಕು ಮೆಟ್ಟಿಲು: ಹೊಜೊನ್, ತೊಕುಬೆತ್ಸು ಹೊಜೊನ್, ಜೂಯೊ, ತೊಕುಬೆತ್ಸು ಜೂಯೊ. ಈ ಕ್ರಮಕ್ಕಿಂತ ಹಿಂದೆ, 1980ರ ದಶಕದ ಆರಂಭದವರೆಗೆ, "ಕಿಚೊ" ಹೆಸರಿನ ಹಳೇ ಕಾಗದಗಳಿದ್ದವು. ಅವುಗಳಲ್ಲಿ ಕೆಲವನ್ನು ಇವತ್ತು ಯಾರೂ ನಂಬುವುದಿಲ್ಲ. ಹಳೇ ಕಾಗದದ ಕತ್ತಿಗೆ ದೊಡ್ಡ ಹೆಸರಿದ್ದು, ಮಾರುವವನು ಹೊಸ ಪರೀಕ್ಷೆಗೆ ಕಳಿಸದೆ ಕೂತಿದ್ದರೆ, ಯಾಕೆ ಎಂದು ಕೇಳಿ. ಕಾಗದದಲ್ಲಿ ಹೆಸರಿನ ಮುಂದೆ "ದೆನ್" ಎಂದಿದ್ದರೆ "ಆ ಪರಂಪರೆಯದು ಎನ್ನಬಹುದು" ಎಂಬಷ್ಟೇ ಅರ್ಥ. ಕಾಗದದ ಮೇಲಿನ ಬುಡದ ಫೋಟೋವನ್ನು ಕೈಯಲ್ಲಿರುವ ಬುಡದ ಪಕ್ಕ ಇಟ್ಟು, ತೂತಿನ ಜಾಗ, ಅರದ ಗೆರೆಯ ಓರೆ ಒಂದೊಂದಾಗಿ ತಾಳೆ ನೋಡಿ. ಒಂದು ಕತ್ತಿಯ ಕಾಗದ ಇನ್ನೊಂದರ ಜೊತೆ ತಿರುಗಾಡುವುದುಂಟು.

ಅಂದ ಹಾಗೆ ಎಡೊ ಕಾಲದಲ್ಲಿ (1603–1868) ಈ ಕೆಲಸ ಹೊನ್‌ಆಮಿ ಮನೆತನದ್ದು. ಅವರು ಮಡಚಿದ ಹಾಳೆಯಲ್ಲಿ ಬರೆದುಕೊಡುತ್ತಿದ್ದ ಪತ್ರದ ಹೆಸರು "ಒರಿಗಾಮಿ". ಮಕ್ಕಳು ಕಾಗದದ ಕೊಕ್ಕರೆ ಮಾಡುವುದಕ್ಕೂ ಅದೇ ಹೆಸರು.

6. ಕಾನೂನು

ಇದನ್ನು ಹಾರಿಸಿಕೊಂಡು ಓದಬೇಡಿ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರ ಕೆಳಗೆ 2016ರ ನಿಯಮಗಳಿವೆ. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಕತ್ತಿ, ಚೂರಿಗಳನ್ನು ಆ ನಿಯಮಗಳು ಆಯುಧ ಎಂದೇ ಎಣಿಸುತ್ತವೆ. ಮನೆ, ಹೊಲ, ವಿಜ್ಞಾನ, ಕೈಗಾರಿಕೆಯ ಕೆಲಸದ ಉಪಕರಣಗಳಿಗೆ ಮಾತ್ರ ವಿನಾಯಿತಿ. 9 ಅಂಗುಲ ಅಂದರೆ 23 ಸೆಂ.ಮೀ.ಗಿಂತ ಕಡಿಮೆ, ಹೆಚ್ಚಿನ ತಾಂತೊಗಳೂ ಅದನ್ನು ದಾಟುತ್ತವೆ. ಹೊರದೇಶದಿಂದ ಆಯುಧ ತರಲು ಲೈಸೆನ್ಸ್ ಬೇಕು. "ಕಲಾವಸ್ತು" ಎಂದು ಚೀಟಿ ಅಂಟಿಸಿದರೆ ಕಸ್ಟಮ್ಸ್‌ನವರು ಬಿಡುತ್ತಾರೆ ಎಂಬ ಮಾತು ನಂಬಬೇಡಿ. ದುಡ್ಡು ಕೊಡುವ ಮೊದಲೇ, ಬೆಂಗಳೂರಿನವರಾದರೆ ಪೊಲೀಸ್ ಕಮಿಷನರ್ ಕಚೇರಿ, ಜಿಲ್ಲೆಯವರಾದರೆ ಡಿಸಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗಕ್ಕೆ ಹೋಗಿ ಬರವಣಿಗೆಯಲ್ಲೇ ಕೇಳಿ. ಕೊಡಗಿನವರಿಗೆ ಇರುವ ಆಯುಧ ಲೈಸೆನ್ಸ್ ವಿನಾಯಿತಿಯನ್ನು ನೆಚ್ಚಿಕೊಂಡು ಆರ್ಡರ್ ಮಾಡಬೇಡಿ, ಆಮದು ಬೇರೆಯೇ ವಿಷಯ.

ಜಪಾನಿನ ಕಡೆಯಿಂದಲೂ ಒಂದು ಹೆಜ್ಜೆ ಇದೆ. ಕತ್ತಿ ಹೊರಗೆ ಕಳಿಸಲು ಅಲ್ಲಿನ ಸಂಸ್ಕೃತಿ ಇಲಾಖೆಯ ಪತ್ರ ಬೇಕು, ತೊರೊಕುಶೊ ವಾಪಸ್ ಕೊಡಬೇಕು. ಒಳ್ಳೇ ವ್ಯಾಪಾರಿ ಇದನ್ನು ತಾನೇ ಮಾಡಿಕೊಡುತ್ತಾನೆ. ರಾಷ್ಟ್ರೀಯ ನಿಧಿ ಎಂದು ಘೋಷಿಸಿದ್ದು ಹೊರಗೆ ಬರುವುದೇ ಇಲ್ಲ. ಹೊರದೇಶದಲ್ಲಿರುವ ಕನ್ನಡಿಗರು ತಮ್ಮ ತಮ್ಮ ಊರಿನ ಕಾನೂನು ನೋಡಿಕೊಳ್ಳಬೇಕು. ಬ್ರಿಟನ್ನಿನಲ್ಲಿ 50 ಸೆಂ.ಮೀ. ಮತ್ತು ಅದಕ್ಕಿಂತ ಉದ್ದದ ಬಾಗಿದ ಕತ್ತಿಗಳ ಮಾರಾಟಕ್ಕೆ 2008ರಿಂದ ನಿಷೇಧವಿದೆ, ಸಾಂಪ್ರದಾಯಿಕವಾಗಿ ಕೈಯಲ್ಲಿ ಮಾಡಿದವಕ್ಕೆ ವಿನಾಯಿತಿ ಇದೆ.

7. ಮೊದಲ ಖರೀದಿ ತ್ಸುಬಾ ಆಗಿರಲಿ

ಮೇಲಿನದನ್ನು ಓದಿ ಬೇಜಾರಾದವರಿಗೆ ನನ್ನ ಸಲಹೆ ಇದು. ತ್ಸುಬಾಕ್ಕೆ ಅಲಗಿಲ್ಲ. ಅಂಗೈ ಅಗಲದ, ಸಾಮಾನ್ಯವಾಗಿ 7ರಿಂದ 8 ಸೆಂ.ಮೀ.ನ ಬಿಲ್ಲೆ. ನಡುವೆ ಕತ್ತಿಯ ಬುಡ ತೂರುವ ತೂತು, ಪಕ್ಕದಲ್ಲಿ ಸಣ್ಣ ಚಾಕು, ಕಡ್ಡಿ ತೂರುವ ಒಂದೆರಡು ತೂತು. ಕಬ್ಬಿಣದ್ದು ಇರುತ್ತದೆ, ತಾಮ್ರದ ಮಿಶ್ರಲೋಹದ್ದೂ ಇರುತ್ತದೆ. ಶಾಕುದೊ ಎಂಬ ಮಿಶ್ರಲೋಹದಲ್ಲಿ ತಾಮ್ರಕ್ಕೆ ಚೂರು ಚಿನ್ನ ಬೆರೆಸಿ, ಹದ ಮಾಡಿ, ಕಾಗೆ ರೆಕ್ಕೆಯ ನೀಲಿಗಪ್ಪು ಬರಿಸುತ್ತಾರೆ. ಪೂರ್ತಿ ಕತ್ತಿಯ ಬೆಲೆಗೆ ಹೋಲಿಸಿದರೆ ತುಂಬಾ ಅಗ್ಗ. ಇದಕ್ಕೂ ಎನ್‌ಬಿಟಿಎಚ್‌ಕೆ ಕಾಗದ ಸಿಗುತ್ತದೆ.

ನನ್ನ ಮೊದಲ ತ್ಸುಬಾ ನಕಲಿ. "ಎಡೊ ಕಾಲದ್ದು" ಎಂದ ವ್ಯಾಪಾರಿಯ ಮಾತು ನಂಬಿ ಕೊಂಡೆ. ಎರಡು ತಿಂಗಳ ಮೇಲೆ ಮಸೂರ ಹಿಡಿದು, ಕಿಂಡಿಯಂತೆ ಕೊರೆದಿದ್ದ ಕಡೆ ಒಳಗೋಡೆ ನೋಡಿದೆ. ಸುತ್ತಲೂ ಕೂದಲಿನಂಥ ಒಂದು ಗೆರೆ. ಎರಡು ಅಚ್ಚು ಕೂಡುವ ಗೆರೆ ಅದು. ಎರಕ ಹೊಯ್ದ ಮಾಲು. ಹಾಗಾಗಿ ನೀವು ಮೊದಲು ನೋಡಬೇಕಾದದ್ದು ಒಳಗೋಡೆ. ಮೈಮೇಲೆ ಸೂಜಿಮೊನೆಯಷ್ಟು ಗುಂಡಗಿನ ಗುಳಿಗಳಿದ್ದರೆ ಅದೂ ಎರಕದ ಗುರುತು. ನಿಜವಾಗಿ ಬಳಸಿದ ತ್ಸುಬಾದ ನಡು ತೂತಿನ ಸುತ್ತ ಕತ್ತಿಗೆ ಬಿಗಿ ಮಾಡಲು ಉಳಿಯಲ್ಲಿ ಹೊಡೆದ ಗುರುತು, ಕೆಲವದರಲ್ಲಿ ತಾಮ್ರದ ತುಂಡು ಇರುತ್ತದೆ. ಕಿಲುಬು ತೆಗೆಯಬೇಡಿ, ಪಾಲಿಶ್ ಹಾಕಬೇಡಿ.

8. ಕೊನೆಗೂ ಕತ್ತಿ ಕೊಳ್ಳುವಾಗ

ಕಾಗದ ಇರುವ, ಹೆಸರು ಚಿಕ್ಕದಾದರೂ ಮೈ ಆರೋಗ್ಯವಾಗಿರುವ ಒಂದು ವಾಕಿಜಾಶಿ, ಇದು ಮೊದಲ ಕತ್ತಿಗೆ ಸರಿ. ದೊಡ್ಡ ಹೆಸರಿನ ರೋಗಿಷ್ಟ ಕತ್ತಿ ಬೇಡ.

"ಹಾಗಿರೆ" ಇದ್ದರೆ ಮಾತೇ ಬೇಡ, ವಾಪಸ್ ಇಡಿ. ಬಾಯಿಗೆ ಅಡ್ಡಲಾಗಿ ಎದ್ದ ಕೂದಲಿನಂಥ ಬಿರುಕು ಅದು. ಕತ್ತಿಗೆ ಅದೇ ಸಾವು. ಬೆಳಕಿಗೆ ಹಿಡಿದು ಬಾಯಿಯ ಉದ್ದಕ್ಕೂ ನೋಡಿದರೆ ಮಾತ್ರ ಕಾಣುತ್ತದೆ. ಮೊನೆಯೊಳಗೆ ಹಾಮೊನ್ ಮುಂದುವರಿದು ಬೆನ್ನಿನ ಕಡೆ ತಿರುಗಬೇಕು. ಮೊನೆ ಮುರಿದು ಮತ್ತೆ ತೀಡಿದ್ದರೆ ಅದು ಮಾಯವಾಗಿರುತ್ತದೆ. ಅದನ್ನೂ ಬಿಡಿ. ಬೆಂಕಿಗೆ ಸಿಕ್ಕಿ ಹದ ಹೋಗಿ, ಮತ್ತೆ ಹದ ಹಾಕಿದ್ದು "ಸಾಯ್‌ಹಾ". ಚಂದ ಕಂಡರೂ ಬೆಲೆ ಬಿದ್ದಿರುತ್ತದೆ. ಮಡಿಕೆ ಬಿಟ್ಟುಕೊಂಡ ಸಣ್ಣ ಸೀಳು, ಬೊಕ್ಕೆಯಂಥ ಉಬ್ಬು, ಇವೆಲ್ಲ ಹಳೇ ಕತ್ತಿಗೆ ಸಹಜ. ಎಷ್ಟು, ಎಲ್ಲಿ ಎನ್ನುವುದು ಮುಖ್ಯ.

ತುಕ್ಕು ಹಿಡಿದ ಕತ್ತಿ ಅಗ್ಗಕ್ಕೆ ಸಿಕ್ಕಿತು, ಸಾಣೆ ಹಿಡಿಸೋಣ ಎಂಬ ಲೆಕ್ಕ ಹಾಕಬೇಡಿ. ಕಲಿತ ಸಾಣೆಗಾರ ("ತೊಗಿಶಿ") ಹತ್ತಾರು ಬಗೆ ಕಲ್ಲು ಬದಲಿಸುತ್ತಾ ವಾರಗಟ್ಟಲೆ ಉಜ್ಜುತ್ತಾನೆ. ಕೂಲಿ ಸುನ್ ಲೆಕ್ಕದಲ್ಲಿ, ಸರದಿ ತಿಂಗಳುಗಟ್ಟಲೆ. ಕೆಲವೊಮ್ಮೆ ಕತ್ತಿಗಿಂತ ಸಾಣೆಯೇ ದುಬಾರಿ. ಊರಿನ ಸಾಣೆಯಂತ್ರದ ಹತ್ತಿರ ಮಾತ್ರ ಕೊಂಡೊಯ್ಯಬೇಡಿ.

9. ಆರೈಕೆ

ಮೂರು ನಾಲ್ಕು ತಿಂಗಳಿಗೊಮ್ಮೆ ಎಣ್ಣೆ ಬದಲಿಸಿ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ.

ಹಿಡಿಯಲ್ಲಿ "ಮೆಕುಗಿ" ಎಂಬ ಬಿದಿರಿನ ಮೊಳೆ ಇರುತ್ತದೆ. ಪುಟ್ಟ ಸುತ್ತಿಗೆಯಿಂದ ಅದನ್ನು ದೂಡಿ ತೆಗೆಯಿರಿ. ಎಡಗೈಯಲ್ಲಿ ಹಿಡಿ ಹಿಡಿದು ಅಲಗನ್ನು ನೆಟ್ಟಗೆ, ಸ್ವಲ್ಪ ಓರೆಯಾಗಿ ನಿಲ್ಲಿಸಿ. ಬಲ ಮುಷ್ಟಿಯಿಂದ ಎಡ ಮಣಿಕಟ್ಟಿನ ಮೇಲೆ ಮೆಲ್ಲಗೆ ಗುದ್ದಿ. ಅಲಗು ಹಿಡಿಯಿಂದ ಸಡಿಲವಾಗಿ ಮೇಲೆದ್ದು ಬರುತ್ತದೆ. ಮೊದಲ ಸಲ ಮೆಲ್ಲಗೇ ಗುದ್ದಿ, ಗಿಡ್ಡ ಚೂರಿಯಾದರೆ ಹಾರಿಯೇ ಬರುತ್ತದೆ.

ಮೆದು ಕಾಗದವನ್ನು ಬೆನ್ನಿನ ಕಡೆಯಿಂದ ಮಡಚಿ ಹಿಡಿದು, ಬುಡದಿಂದ ಮೊನೆಗೆ ಒಂದೇ ದಿಕ್ಕಿನಲ್ಲಿ ಒರೆಸಿ, ವಾಪಸ್ ಎಳೆಯಬೇಡಿ. "ಉಚಿಕೊ" ಎಂಬ ಕಲ್ಲುಪುಡಿಯ ಗಂಟು ಸಿಗುತ್ತದೆ. ಅದನ್ನು ಪ್ರತಿ ಸಲ ತಟ್ಟುವ ಚಟ ಬೇಡ, ಸಾಣೆಯ ಹೊಳಪು ನಿಧಾನವಾಗಿ ಸವೆಯುತ್ತದೆ. ಆಮೇಲೆ ಹೊಸ ಎಣ್ಣೆ. ಅದರ ಹೆಸರು ಚೋಜಿ ಎಣ್ಣೆ. ಲವಂಗದ ವಾಸನೆ ಇದ್ದರೂ ಸಾಮಾನ್ಯವಾಗಿ ಅದು ತಿಳಿಯಾದ ಖನಿಜ ಎಣ್ಣೆ. ಹಲ್ಲುನೋವಿಗೆ ಹಚ್ಚುವ ಲವಂಗದ ಎಣ್ಣೆ ತಂದು ಸುರಿಯಬೇಡಿ. ಕೊಬ್ಬರಿ ಎಣ್ಣೆಯೂ ಬೇಡ, ಅಂಟಾಗುತ್ತದೆ. ಎಣ್ಣೆ ಕಂಡೂ ಕಾಣದಷ್ಟು ತೆಳುವಾಗಿರಲಿ.

ಅಲಗನ್ನು "ಶಿರಾಸಾಯಾ" ಎಂಬ ಸಾದಾ ಮರದ ಒರೆಯಲ್ಲಿ, ಮಲಗಿಸಿ, ಬಾಯಿ ಮೇಲೆ ಮಾಡಿ ಇಡಿ. ಚರ್ಮದ ಚೀಲ ಬೇಡ. ಸಿಲಿಕಾ ಜೆಲ್ ಪೊಟ್ಟಣಗಳನ್ನು ತುಂಬಿಟ್ಟರೆ ಮರ ಒಣಗಿ ಬಿರಿಯುತ್ತದೆ.

ಅಜ್ಜನ ಟ್ರಂಕಿನಲ್ಲಿ ಸಿಕ್ಕರೆ

ಈ ಪ್ರಶ್ನೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಸೋತ ಜಪಾನಿ ಅಧಿಕಾರಿಗಳು ಕತ್ತಿ ಒಪ್ಪಿಸಲೇಬೇಕೆಂದು ಬ್ರಿಟಿಷ್ ಸೇನಾಧಿಪತಿ ಜನರಲ್ ಸ್ಲಿಮ್ ಹಟ ಹಿಡಿದಿದ್ದರು. ಯುದ್ಧದ ನಂತರ ಜಪಾನಿಗೆ ಹೋದ ಭಾರತೀಯ ಪಡೆಯಲ್ಲಿ ನಮ್ಮ ಕೊಡಗಿನ ತಿಮ್ಮಯ್ಯನವರು 268ನೇ ಬ್ರಿಗೇಡಿನ ಕಮಾಂಡರ್ ಆಗಿದ್ದರು. ಹೀಗೆ ಸೈನ್ಯದ ಮನೆಗಳಿಗೆ ಒಂದೊಂದು ಕತ್ತಿ ಬಂದಿರಬಹುದು.

ಮೊದಲು ಹಿಡಿ ನೋಡಿ. ಹಗ್ಗ ಸುತ್ತಿದಂತೆ ಕಂಡರೂ ಅದು ಎರಕದ ಲೋಹವಾಗಿದ್ದು, ಅಲಗಿನ ಬುಡದ ಹತ್ತಿರ ನಂಬರ್ ಕೊರೆದಿದ್ದರೆ, ಅದು 1935ರ ಮಾದರಿಯ ಕಾರ್ಖಾನೆ ಕತ್ತಿ, ಅಧಿಕಾರಿಗಳಿಗಿಂತ ಕೆಳಗಿನ ಸಾರ್ಜೆಂಟ್ ಮಟ್ಟದವರದ್ದು. ನಿಜವಾದ ರೇಷ್ಮೆ ಅಥವಾ ಹತ್ತಿ ಸುತ್ತಿದ್ದರೆ ಅಧಿಕಾರಿಯದು. ಇದರಲ್ಲಿ ಅಲಗು ಕಾರ್ಖಾನೆಯದೂ ಇರಬಹುದು, ಮನೆತನದಿಂದ ಬಂದ 400 ವರ್ಷದ ಹಳೆಯದೂ ಇರಬಹುದು. ಬುಡದಲ್ಲಿ ಸಹಿಯ ಜೊತೆ ಚಿಕ್ಕ ನಕ್ಷತ್ರದ ಮುದ್ರೆ ಇದ್ದರೆ ಸೈನ್ಯ ನೇಮಿಸಿಕೊಂಡಿದ್ದ ಸಾಂಪ್ರದಾಯಿಕ ಕಮ್ಮಾರನ ಕೆಲಸ.

ಬುಡದ ಎರಡೂ ಬದಿ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ತೆಳುವಾಗಿ ಎಣ್ಣೆ ಹಚ್ಚಿ. ಲೈಸೆನ್ಸ್ ವಿಚಾರಕ್ಕೆ ವಕೀಲರ ಜೊತೆ ಮಾತಾಡಿ. 100 ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಸಾಣೆಗೆಂದು ಜಪಾನಿಗೆ ಸುಮ್ನೆ ಪಾರ್ಸೆಲ್ ಮಾಡುವ ಹಾಗಿಲ್ಲ, ಪುರಾತತ್ವ ಇಲಾಖೆಯನ್ನು ಕೇಳಬೇಕು. ವಾಪಸ್ ಜೋಡಿಸುವಾಗ ಬಿದಿರಿನ ಮೊಳೆ ಸವೆದಿದ್ದರೆ ಕಬ್ಬಿಣದ ಮೊಳೆ ತುರುಕಬೇಡಿ. ಒಣಗಿದ ಬಿದಿರಿನಿಂದ ಹೊಸದು ಕೆತ್ತಿ ಹಾಕಿ, ಅಲಗು ಅಲ್ಲಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಒರೆಗೆ ಸೇರಿಸಿ.